ಗುಂಡಿ ಹಾಕಿಕೊಳ್ಳಲು ಕಲಿಯುವ ಜಾಗ ಯಾವುದು?

ಬಕೆಟ್ಟಿನಿಂದ ಮಗ್ಗಿನಲ್ಲಿ ನೀರು ತೆಗೆದು ಮೈಮೇಲೆ ಹಾಕಿಕೊಳ್ಳುವುದನ್ನು ಯಾರೂ ಒಂದು ವಿದ್ಯೆ ಅಂತ ಎಣಿಸುವುದಿಲ್ಲ. ಬಿಡಿಸಿ ನೋಡಿದರೆ ಅದರೊಳಗೆ ಎಷ್ಟೊಂದು ಕೆಲಸಗಳಿವೆ. ಬಕೆಟ್ ಎಷ್ಟು ದೂರದಲ್ಲಿದೆ ಎಂದು ಕಣ್ಣು ಅಳೆಯಬೇಕು. ಒದ್ದೆ ನೆಲದ ಮೇಲೆ ಕಾಲು ಜಾರದಂತೆ ಬಗ್ಗಬೇಕು. ಮಗ್ಗು ತುಂಬಿ ಭಾರವಾದ ಕೂಡಲೇ ಮಣಿಕಟ್ಟು ಗಟ್ಟಿಯಾಗಬೇಕು. ಅದನ್ನು ಭುಜದ ಮೇಲಕ್ಕೆ ಎತ್ತಿ, ಕಣ್ಣಿಗೆ ಕಾಣದ ಬೆನ್ನಿನ ಕಡೆ ವಾಲಿಸಬೇಕು. ನೀರು ಮುಖಕ್ಕೆ ಬಿದ್ದರೆ ಉಸಿರು ಹಿಡಿಯಬೇಕು. ಸೋಪು ಎಲ್ಲಿ ಹಚ್ಚಿ ಆಯಿತು, ಎಲ್ಲಿ ಬಾಕಿ ಇದೆ ಎಂಬುದು ನೆನಪಿರಬೇಕು. ಹೆಚ್ಚಿನ ಮಕ್ಕಳಿಗೆ ಇದೆಲ್ಲ ನೀರಾಟದ ನಡುವೆ ತಾನಾಗಿ ಬಂದುಬಿಡುತ್ತದೆ. ಕೆಲವರಿಗೆ ಏಳೆಂಟು ವರ್ಷವಾದರೂ ಬರುವುದಿಲ್ಲ. ಹೀಗೆ ಬಾರದೆ ಉಳಿದ ಕೆಲಸಗಳನ್ನೇ ತನ್ನ ವಿಷಯ ಮಾಡಿಕೊಂಡಿರುವುದು ಆಕ್ಯುಪೇಷನಲ್ ಥೆರಪಿ. ತಂದೆತಾಯಿಗಳ ಬಾಯಲ್ಲಿ ಬರೀ ‘ಓಟಿ’.

ಫಿಸಿಯೋಥೆರಪಿಗೆ ಸ್ನಾಯು, ಕೀಲು, ನಡಿಗೆ ಮುಖ್ಯ. ಓಟಿ ಕೇಳುವ ಪ್ರಶ್ನೆ ಬೇರೆ: ಈ ಮಗುವಿನ ದಿನ ಹೇಗೆ ಸಾಗುತ್ತದೆ, ಎಲ್ಲಿ ನಿಂತುಹೋಗುತ್ತದೆ? ಊಟ, ಸ್ನಾನ, ಬಟ್ಟೆ, ಕಕ್ಕಸು, ಆಟ, ಬರವಣಿಗೆ, ಜೊತೆಯ ಮಕ್ಕಳೊಂದಿಗೆ ಸರದಿಗಾಗಿ ಕಾಯುವುದು, ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಭಾರತದಲ್ಲಿ ಈ ವಿದ್ಯೆಯನ್ನು ಊರಿದವರು ಅಮೆರಿಕದಲ್ಲಿ ಹುಟ್ಟಿ ಇಲ್ಲಿಯ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ 1950ರಲ್ಲಿ ಅವರು ಶುರುಮಾಡಿದ ಶಾಲೆ ದೇಶದಲ್ಲೇ ಮೊದಲನೆಯದು. ಈ ವೃತ್ತಿಯವರ ಅಖಿಲ ಭಾರತ ಸಂಘ 1952ರಲ್ಲಿ ಹುಟ್ಟಿತು. ಕರ್ನಾಟಕದಲ್ಲಿ ಓಟಿ ಪದವಿ ಓದಲು ಹೋಗುವವರಿಗೆ ಬಹುಕಾಲದಿಂದ ಪರಿಚಿತ ಹೆಸರು ಮಣಿಪಾಲ. ಇಷ್ಟು ಹಳೆಯದಾದರೂ ಈ ವೃತ್ತಿಗೆ ರಾಷ್ಟ್ರಮಟ್ಟದ ನಿಯಂತ್ರಣದ ಕಾನೂನು ಬಂದದ್ದು 2021ರಲ್ಲಿ. ಈ ನಡುವಿನ ಎಪ್ಪತ್ತು ವರ್ಷ ಓಟಿ ಎಂದು ಬೋರ್ಡು ಹಾಕುವವರಿಗೆ ಅಡ್ಡಿ ಹೇಳುವವರು ದೇಶಮಟ್ಟದಲ್ಲಿ ಯಾರೂ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ದಕ್ಷಿಣ ಬೆಂಗಳೂರಿನ ಬಿಟಿಎಂ ಲೇಔಟಿನ ರಸ್ತೆಗಳಿಗೆ ಇಳಿಯಬೇಕು.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ನಡುವೆ ಎದ್ದ ಈ ಬಡಾವಣೆಗೆ ಒಂದು ಅನುಕೂಲವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್, ಅದರ ಪಕ್ಕದ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೋರಮಂಗಲದ ಅಂಚಿನ ಸೇಂಟ್ ಜಾನ್ಸ್ ಆಸ್ಪತ್ರೆ, ಮೂರೂ ಕೆಲವೇ ಕಿಲೋಮೀಟರಿನೊಳಗಿವೆ. ರಾಜ್ಯದ ಮೂಲೆಮೂಲೆಯಿಂದ ರಾತ್ರಿ ಬಸ್ಸು ಹತ್ತಿ ಜನ ಬರುವ ಜಾಗಕ್ಕೆ ಇಲ್ಲಿಯವರು ಆಟೋದಲ್ಲಿ ಹೋಗಿಬರಬಹುದು. ಆದರೆ ದೊಡ್ಡಾಸ್ಪತ್ರೆಯ ಕೆಲಸ ಹೆಚ್ಚಾಗಿ ತಪಾಸಣೆ ಮತ್ತು ಸಲಹೆ. ವಾರಕ್ಕೆರಡು, ಮೂರು ಸಲ ತಿಂಗಳುಗಟ್ಟಲೆ ಕೂರಿಸಿ ಕಲಿಸುವ ಕೆಲಸ ಅಡ್ಡರಸ್ತೆಗಳ ಮೊದಲ ಮಹಡಿಯ ಖಾಸಗಿ ಕೇಂದ್ರಗಳಿಗೆ ಬಿದ್ದಿದೆ. ಕೆಳಗೆ ಪಿಜಿ, ಪಕ್ಕದಲ್ಲಿ ದರ್ಶಿನಿ, ಮೇಲೆ ಬಣ್ಣದ ಚೆಂಡು, ತೂಗುಯ್ಯಾಲೆ, ಗೋಡೆಗೆ ಒರಗಿಸಿದ ಹತ್ತುವ ಹಲಗೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ, ಶಿವಮೊಗ್ಗದಲ್ಲೋ ಹಾಸನದಲ್ಲೋ ಉಳಿದ ಅಜ್ಜಿ, ಏಳೂವರೆಗೆ ಬಾಗಿಲಿಗೆ ಬರುವ ಶಾಲಾ ವ್ಯಾನು: ಇಲ್ಲಿಯ ಮಗುವಿನ ಕಷ್ಟ ಈ ಚೌಕಟ್ಟಿನೊಳಗೇ ಇರುತ್ತದೆ.

ಎಷ್ಟು ಮಕ್ಕಳ ಮಾತು ಇದು? ದೇಶದ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿ ಇನ್‌ಕ್ಲೆನ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ, ಹೆಚ್ಚುಕಡಿಮೆ ಎಂಟರಲ್ಲಿ ಒಂದು ಮಗುವಿಗೆ ನರಬೆಳವಣಿಗೆಯ ಏನಾದರೊಂದು ತೊಂದರೆ ಇದೆ ಎಂದಿತು. ಅದರಲ್ಲಿ ಬೆಂಗಳೂರು ಇರಲಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ತೊಂದರೆ ಎಲ್ಲವೂ ಅದರ ಲೆಕ್ಕದಲ್ಲಿ ಸೇರಿದ್ದವು. ಇವುಗಳ ಜೊತೆಗೆ, ಹೆಸರೇ ಕೇಳದವರು ಹೆಚ್ಚಿರುವ ಇನ್ನೊಂದು ತೊಂದರೆಯಿದೆ: ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್. ಬುದ್ಧಿ ಚುರುಕು, ಮಾತು ಸರಾಗ. ಆದರೆ ಶರ್ಟಿನ ಗುಂಡಿ, ಶೂ ಲೇಸು, ಸೈಕಲ್ಲು ಯಾವುದೂ ಕೈಗೆ ಹತ್ತುವುದಿಲ್ಲ. ಐದರಿಂದ ಹನ್ನೊಂದರ ವಯಸ್ಸಿನಲ್ಲಿ ಶೇ. 5ರಿಂದ 6 ಮಕ್ಕಳಿಗೆ ಇದು ಇರುತ್ತದೆಂಬುದು ಒಪ್ಪಿತ ಅಂದಾಜು. ನಮ್ಮಲ್ಲಿ ಇಂಥ ಮಗುವಿಗೆ ಸಿಗುವ ಹೆಸರು ‘ಸೋಮಾರಿ’.

ಇನ್ನು ಕಲಿಸುವ ಬಗೆ. ಓಟಿಯ ಹಳೆಯ, ಅತ್ಯಂತ ಕಡಿಮೆ ಆಡಂಬರದ ಉಪಾಯ ಎಂದರೆ ಕೆಲಸವನ್ನು ತುಂಡು ಮಾಡುವುದು, ಮತ್ತು ಎಷ್ಟೋ ಸಲ ಕೊನೆಯ ತುಂಡಿನಿಂದ ಶುರುಮಾಡುವುದು. ಚಡ್ಡಿ ಹಾಕಿಕೊಳ್ಳಲು ಬಾರದ ಮಗುವಿಗೆ ಅಮ್ಮ ಎರಡೂ ಕಾಲು ತೂರಿಸಿ ತೊಡೆಯವರೆಗೆ ಎಳೆದುಕೊಡುತ್ತಾಳೆ. ಸೊಂಟಕ್ಕೆ ಎಳೆದುಕೊಳ್ಳುವುದಷ್ಟೇ ಮಗುವಿನ ಪಾಲು. ಅದು ಬಂದ ಮೇಲೆ ಮೊಣಕಾಲಿನಿಂದ, ಆಮೇಲೆ ಪಾದದಿಂದ. ಹೀಗೆ ಹಿಂದಿನಿಂದ ಬಂದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ತಾನೇ ಎಂಬ ಖುಷಿ ಮಗುವಿಗೆ ಸಿಗುತ್ತದೆ. ಮೊದಲಿನಿಂದ ಕಲಿಸಿದರೆ ಸಿಗುವುದು ಬರೀ ಅರ್ಧಕ್ಕೆ ಬಿಟ್ಟ ಅನುಭವ. ಗುಂಡಿಗೂ ಇದೇ ಕ್ರಮ: ಮೊದಲು ದೊಡ್ಡ ಗುಂಡಿ, ಮೇಜಿನ ಮೇಲೆ ಹರಡಿದ ಬಟ್ಟೆ, ಆಮೇಲೆ ಸ್ವಂತ ಮೈಮೇಲಿನ ಶರ್ಟು. ಕೊರಳ ಹತ್ತಿರದ್ದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದು ಎಲ್ಲಕ್ಕಿಂತ ಕೊನೆಗೆ.

ತುಸು ದೊಡ್ಡ ಮಕ್ಕಳಿಗೆ ಬೇರೆ ದಾರಿ. ಕೆನಡಾದ ಹೆಲೆನ್ ಪೊಲಟಾಯ್ಕೊ ಮತ್ತು ಏಂಜೆಲಾ ಮ್ಯಾಂಡಿಚ್ ರೂಪಿಸಿದ ‘ಕೋ-ಆಪ್’ ವಿಧಾನದಲ್ಲಿ ಗುರಿಯನ್ನು ಆರಿಸುವುದು ಮಗುವೇ. ಹೇಗೆ ಮಾಡುತ್ತೇನೆ ಎಂದು ಬಾಯಲ್ಲಿ ಹೇಳಿ, ಮಾಡಿ, ಆದದ್ದನ್ನು ತಾನೇ ಒರೆಗೆ ಹಚ್ಚಿ, ಮತ್ತೆ ತಿದ್ದುವುದು. ಥೆರಪಿಸ್ಟು ಉತ್ತರ ಹೇಳಿಕೊಡುವುದಿಲ್ಲ, ‘ಲೇಸಿನ ಕುಣಿಕೆ ಯಾಕೆ ಬಿಚ್ಚಿಕೊಂಡಿತು?’ ಎಂದು ಕೇಳುತ್ತಾರೆ. ಲಕ್ವ ಹೊಡೆದಂತೆ ಒಂದು ಬದಿ ಸೋತ ಮಕ್ಕಳಲ್ಲಿ ಗಟ್ಟಿ ಕೈಯನ್ನು ಕೆಲಕಾಲ ಕೈಗವಸಿನಲ್ಲಿ ಕಟ್ಟಿಟ್ಟು ಸೋತ ಕೈಗೇ ಕೆಲಸ ಕೊಡುವ ಪದ್ಧತಿಯೂ ಇದೆ.

ಇವುಗಳಲ್ಲಿ ಯಾವುದು ನಿಜವಾಗಿ ಫಲ ಕೊಡುತ್ತದೆ? ಆಸ್ಟ್ರೇಲಿಯಾದ ಇಯೋನಾ ನೋವಾಕ್ ಮತ್ತು ಇಂಗ್ರಿಡ್ ಹೋನನ್ 2019ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆ ಇದಕ್ಕೆ ಸಿಗುವ ಅತ್ಯಂತ ನೇರವಾದ ಉತ್ತರ. 129 ಪ್ರಬಂಧಗಳನ್ನು ಜಾಲಾಡಿ, 52 ಬಗೆಯ ಚಿಕಿತ್ಸೆಗಳನ್ನು ಬೇರೆಬೇರೆ ತೊಂದರೆಗಳಿಗೆ ಹೊಂದಿಸಿ ನೋಡಿದಾಗ 135 ಜೋಡಿಗಳಾದವು. ಅವುಗಳಿಗೆ ಟ್ರಾಫಿಕ್ ದೀಪದ ಬಣ್ಣ ಹಚ್ಚಲಾಯಿತು. ‘ಮಾಡಿ’ ಎಂಬ ಹಸಿರು ಸಿಕ್ಕಿದ್ದು 40ಕ್ಕೆ. 75ಕ್ಕೆ ‘ಮಾಡಬಹುದು, ಆದರೆ ಅಳೆಯುತ್ತ ಹೋಗಿ’ ಎಂಬ ಹಳದಿ. ಇನ್ನು 14 ಜೋಡಿಗಳು ಹಳದಿಯ ಇನ್ನೊಂದು ಬದಿಗೆ, ‘ಬೇಡವೇನೋ’ ಎಂಬ ಕಡೆಗೆ ವಾಲಿದವು. 6 ಕೆಂಪು. ಹಸಿರಿನ ಪಟ್ಟಿ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ: ಗುರಿ ಇಟ್ಟುಕೊಂಡು ಆ ಕೆಲಸವನ್ನೇ ಅಭ್ಯಾಸ ಮಾಡಿಸುವುದು, ತಂದೆತಾಯಿಗೆ ತರಬೇತಿ ಕೊಡುವುದು, ಮನೆಯಲ್ಲಿ ಮಾಡುವ ಕಾರ್ಯಕ್ರಮ, ಕೋ-ಆಪ್, ಬರವಣಿಗೆಗೆ ಬರೆದೇ ಅಭ್ಯಾಸ. ಅಂದರೆ ಗುಂಡಿ ಹಾಕುವುದು ಬರಬೇಕಾದರೆ ಗುಂಡಿಯನ್ನೇ ಹಾಕಬೇಕು, ಅದೂ ಬಟ್ಟೆ ಹಾಕುವ ಹೊತ್ತಿನಲ್ಲಿ, ಬಟ್ಟೆ ಹಾಕುವ ಜಾಗದಲ್ಲಿ.

ಹಾಗಾದರೆ ಮೊದಲ ಮಹಡಿಯ ಆ ತೂಗುಯ್ಯಾಲೆ? ಅದರ ಹಿಂದಿನ ಚಿಂತನೆ ಅಮೆರಿಕದ ಥೆರಪಿಸ್ಟ್ ಎ. ಜೀನ್ ಏರ್ಸ್ ಅವರದು. ಸ್ಪರ್ಶ, ತೂಕ, ಓಲಾಟ ಮುಂತಾದ ಸಂವೇದನೆಗಳನ್ನು ಮೆದುಳು ಸರಿಯಾಗಿ ಹೊಂದಿಸಿಕೊಳ್ಳದಿದ್ದರೆ ಕಲಿಕೆಗೆ ತೊಡಕಾಗುತ್ತದೆ ಎಂದು 1972ರ ಪುಸ್ತಕದಲ್ಲಿ ಅವರು ವಾದಿಸಿದರು. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿ ಓಡುವ, ಹೇರ್ ಕಟಿಂಗ್ ಅಂಗಡಿಯಲ್ಲಿ ಕಿರುಚುವ, ಮೊಸರನ್ನ ಕೈಗೆ ಅಂಟಿದರೆ ಅಳುವ ಮಗುವನ್ನು ನೋಡಿದವರಿಗೆ ಈ ಮಾತು ತಟ್ಟನೆ ನಿಜವೆನಿಸುತ್ತದೆ. ಆ ಮಗುವಿಗೆ ಆಗುವ ಹಿಂಸೆ ನಿಜವೇ. ಪ್ರಶ್ನೆ ಇರುವುದು ಚಿಕಿತ್ಸೆಯ ಬಗ್ಗೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಎಚ್ಚರಿಕೆಯ ಮಾತು ಹೇಳಿತು: ಸಂವೇದನೆಯ ಈ ತೊಡಕನ್ನೊಂದು ಪ್ರತ್ಯೇಕ ರೋಗವೆಂದು ಹೆಸರಿಸಬೇಡಿ, ಚಿಕಿತ್ಸೆ ಕೊಡಿಸಿದರೂ ಪರಿಣಾಮವನ್ನು ಅಳೆಯಿರಿ. 2014ರಲ್ಲಿ ಅಮೆರಿಕದ 32 ಮಕ್ಕಳ ಒಂದು ಪ್ರಯೋಗದಲ್ಲಿ ಫಲ ಕಂಡಿತು. ಬ್ರಿಟನ್ನಿನಲ್ಲಿ ಆಟಿಸಂ ಇರುವ 138 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ನಿದ್ದೆಗೆಂದು ಮಾರುವ ಭಾರದ ಹೊದಿಕೆಯ ಕತೆಯೂ ಇಂಥದೇ. 2014ರ ಬ್ರಿಟಿಷ್ ಪ್ರಯೋಗದಲ್ಲಿ ಮಕ್ಕಳು ಅದನ್ನು ಇಷ್ಟಪಟ್ಟರು, ತಂದೆತಾಯಿಯೂ ಮೆಚ್ಚಿದರು, ನಿದ್ದೆ ಮಾತ್ರ ಹೆಚ್ಚಲಿಲ್ಲ.

ಇದರಿಂದ ತೂಗುಯ್ಯಾಲೆ ಮೋಸ ಅಂತಾಗುವುದಿಲ್ಲ. ಮಗು ಅದರ ಮೇಲೆ ನಗುತ್ತದೆ, ಥೆರಪಿಸ್ಟಿನ ಜೊತೆ ಸಲುಗೆ ಬೆಳೆಯುತ್ತದೆ, ಮುಂದಿನ ಕೆಲಸಕ್ಕೆ ಅದೇ ಬಾಗಿಲಾಗಬಹುದು. ನನ್ನ ತಕರಾರು ನಲವತ್ತೈದು ನಿಮಿಷವೂ ಬಾಗಿಲಲ್ಲೇ ನಿಲ್ಲುವ ಕೇಂದ್ರಗಳ ಬಗ್ಗೆ. ತಂದೆತಾಯಿಯನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ, ಕೊನೆಗೆ ‘ಇವತ್ತು ಚೆನ್ನಾಗಿ ಮಾಡಿದ’ ಎಂದು ಕಳಿಸಿಬಿಟ್ಟರೆ ಆ ಮನೆಗೆ ಏನು ಹೋಯಿತು? ಆರು ತಿಂಗಳ ಗುರಿಯ ಕಾಗದದಲ್ಲಿ ‘ಸೆನ್ಸರಿ ರೆಗ್ಯುಲೇಷನ್ ಸುಧಾರಣೆ’ ಎಂದಷ್ಟೇ ಬರೆದಿದ್ದರೆ ಅದು ಆಯಿತೋ ಇಲ್ಲವೋ ಹೇಳಲು ಯಾರಿಗೂ ಸಾಧ್ಯವಿಲ್ಲ. ‘ವ್ಯಾನು ಬರುವ ಮೊದಲು ಸಾಕ್ಸು, ಶೂ ತಾನೇ ಹಾಕಿಕೊಳ್ಳುತ್ತಾಳೆ’ ಎಂದು ಬರೆದಿದ್ದರೆ ಮನೆಯ ಕೆಲಸದವರೂ ಹೇಳಬಲ್ಲರು.

ಮನೆಯಲ್ಲಿ ಮಾಡಿಸಿ ಎಂದರೆ ಬಿಟಿಎಂನ ತಾಯಿ ಕೇಳುವ ಮೊದಲ ಪ್ರಶ್ನೆ: ಸಮಯ ಎಲ್ಲಿದೆ? ನ್ಯಾಯವಾದ ಪ್ರಶ್ನೆ. ನೋವಾಕ್ ಅವರದೇ 2009ರ ಇನ್ನೊಂದು ಪ್ರಯೋಗ ಇಲ್ಲಿ ಧೈರ್ಯ ಕೊಡುತ್ತದೆ. ಸೆರೆಬ್ರಲ್ ಪಾಲ್ಸಿ ಇದ್ದ 36 ಮಕ್ಕಳ ಆ ಅಧ್ಯಯನದಲ್ಲಿ ಎಂಟು ವಾರಗಳ ಮನೆ ಕಾರ್ಯಕ್ರಮ ಮಾಡಿದವರಿಗೆ ಸ್ಪಷ್ಟ ಸುಧಾರಣೆ ಕಂಡಿತು. ತಂದೆತಾಯಿಗಳು ಮಾಡಿಸಿದ್ದು ತಿಂಗಳಿಗೆ ಸರಾಸರಿ ಹದಿನೇಳು ಸಲದಷ್ಟು, ಪ್ರತಿ ಸಲ ಹದಿನಾರು, ಹದಿನೇಳು ನಿಮಿಷ. ಅಷ್ಟು ಹೊತ್ತು ಬೆಳಿಗ್ಗೆ ಏಳೂವರೆಯ ಗಡಿಬಿಡಿಯಲ್ಲಿ ಸಿಗುವುದಿಲ್ಲ, ಹುಡುಕಲೂಬಾರದು. ಬಟ್ಟೆಯ ಪಾಠ ರಾತ್ರಿ ಮಲಗುವ ಮುಂಚೆ, ಶೂ ಪಾಠ ಭಾನುವಾರ ಮಡಿವಾಳದ ಮಾರ್ಕೆಟ್ಟಿಗೆ ಹೊರಡುವಾಗ, ಸ್ನಾನದ್ದು ರಜೆಯಲ್ಲಿ.

ಸಾಮಗ್ರಿಗೂ ಅಂಗಡಿಗೆ ಹೋಗಬೇಕಿಲ್ಲ. ಚಳಿಗಾಲದಲ್ಲಿ ದಕ್ಷಿಣ ಬೆಂಗಳೂರಿನ ಮನೆಮನೆಯಲ್ಲೂ ಹಿತಕಿದ ಅವರೆಬೇಳೆ ಇರುತ್ತದೆ. ನೆನೆದ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಸಿಪ್ಪೆಯಿಂದ ಬೇಳೆ ಜಾರುವಷ್ಟೇ ಒತ್ತಬೇಕು. ಹೆಚ್ಚು ಒತ್ತಿದರೆ ಜಜ್ಜಿಹೋಗುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಬೆರಳ ಹಿಡಿತಕ್ಕೂ ಬಲವನ್ನು ಹದವಾಗಿ ಬಳಸುವುದಕ್ಕೂ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ಯಾವ ಕಂಪನಿಯ ಕಿಟ್ಟೂ ಕೊಡಲಾರದು, ಮೇಲಾಗಿ ಸಂಜೆ ಸಾರು ಆಗುತ್ತದೆ. ಹೂ ಕಟ್ಟುವುದರಲ್ಲಿ ಎರಡು ಕೈಗೆ ಎರಡು ಬೇರೆ ಕೆಲಸ. ಅಳಗುಳಿಮಣೆಯಲ್ಲಿ ಮುಷ್ಟಿಯಲ್ಲಿಟ್ಟ ಹುಣಸೆಬೀಜವನ್ನು ಒಂದೊಂದೇ ಬೆರಳ ತುದಿಗೆ ತಂದು ಮನೆಗೆ ಬಿಡಬೇಕು. ಲಗೋರಿಯಲ್ಲಿ ಗುರಿ, ಓಟ, ಸರದಿ. ನಾಕು ಗೋಡೆಯ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಲಗೋರಿ ಆಗದು, ನಿಜ. ಉಳಿದವು ಆಗುತ್ತವೆ.

ಇಲ್ಲೊಂದು ಎಚ್ಚರ. ಐದು ವರ್ಷದವರೆಗೆ ಅಮ್ಮ ಅಥವಾ ಅಜ್ಜಿ ತುತ್ತು ಕಲಸಿ ತಿನ್ನಿಸುವುದು ನಮ್ಮ ಮನೆಗಳಲ್ಲಿ ಕೊರತೆಯ ಲಕ್ಷಣವಲ್ಲ, ಪ್ರೀತಿಯ ರೂಢಿ. ಪಶ್ಚಿಮದ ಅಳತೆಗೋಲಿನಲ್ಲಿ ಅಂಥ ಮಗು ‘ಸ್ವಂತ ತಿನ್ನುವುದಿಲ್ಲ’ ಎಂದು ಹಿಂದೆ ಬೀಳುತ್ತದೆ. ನಮ್ಮಲ್ಲಿ ಬಹಳ ಕಡೆ ಬಳಸುವ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪನವನ್ನು ಎ. ಜೆ. ಮಾಲಿನ್ ಭಾರತಕ್ಕೆ ಒಗ್ಗಿಸಿದ್ದರೂ, ಅವಕಾಶ ಸಿಗದೆ ಬಾರದ್ದಕ್ಕೂ ಕೊಟ್ಟರೂ ಬಾರದ್ದಕ್ಕೂ ವ್ಯತ್ಯಾಸ ಹಿಡಿಯಬೇಕಾದವರು ಎದುರು ಕೂತ ಥೆರಪಿಸ್ಟೇ. ಒಂದು ತಿಂಗಳು ಮಗುವಿನ ಕೈಗೇ ತಟ್ಟೆ ಕೊಟ್ಟು, ನೆಲ ಕೊಳೆಯಾಗಲು ಬಿಟ್ಟು ನೋಡಿದರೆ ಎಷ್ಟೋ ಅನುಮಾನಗಳು ಸೆಷನ್ ಇಲ್ಲದೆಯೇ ಕಳೆಯುತ್ತವೆ. ಕಳೆಯದಿದ್ದರೆ ತಡಮಾಡಬಾರದು. ಎಲ್ಲ ತಪ್ಪನ್ನೂ ಮೊಬೈಲಿನ ಮೇಲೆ ಹೊರಿಸಿ ‘ವರ್ಚುವಲ್ ಆಟಿಸಂ’ ಎಂದು ಸಮಾಧಾನ ಹೇಳುವವರಿದ್ದಾರೆ. ಅಂಥದೊಂದು ರೋಗನಿರ್ಣಯ ಅಧಿಕೃತ ಕೈಪಿಡಿಗಳಲ್ಲಿಲ್ಲ.

ಪಾಶ್ಚಾತ್ಯ ಪುಸ್ತಕದಲ್ಲಿ ಇಲ್ಲದ ತೊಡಕುಗಳೂ ನಮ್ಮಲ್ಲಿವೆ. ಬಲಗೈ ಸೋತ ಮಗು ಎಡಗೈಯಲ್ಲಿ ಉಂಡರೆ ‘ಆ ಕೈಲಿ ಬೇಡ ಪುಟ್ಟಾ’ ಎಂದು ಅಜ್ಜಿ ತಡೆಯುತ್ತಾರೆ. ಥೆರಪಿಸ್ಟು ಆಗ ಮಗುವಿಗಿಂತ ಮೊದಲು ಅಜ್ಜಿಯ ಹತ್ತಿರ ಕೂರಬೇಕಾಗುತ್ತದೆ. ಅಮೆರಿಕದ ಕೈಪಿಡಿ ಚಮಚ ಹಿಡಿಯುವುದನ್ನು ಹೇಳಿಕೊಟ್ಟೀತು. ಅನ್ನ ಸಾರು ಕಲಸಿ, ಬೆರಳ ತುದಿಯಲ್ಲಿ ತುತ್ತು ಮಾಡಿ, ಹೆಬ್ಬೆರಳಿಂದ ಬಾಯಿಗೆ ತಳ್ಳುವುದನ್ನು ಯಾರು ಬರೆದಿದ್ದಾರೆ? ಮುದ್ದೆ ಮುರಿದು ನುಂಗುವುದಂತೂ ದೂರವೇ ಉಳಿಯಿತು. ಕುಕ್ಕರುಗಾಲಿನ ಕಕ್ಕಸಿನಲ್ಲಿ, ಕಾಲಿನ ಹಿಂಬದಿಯ ಸ್ನಾಯು ಬಿಗಿದ ಮಗುವಿಗೆ ಕೂರುವುದೇ ಸಾಹಸ. ಗೋಡೆಗೊಂದು ಹಿಡಿಕಂಬಿ ಬಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಬೇಕು.

ಬರವಣಿಗೆಯ ಮಾತು ಸ್ವಲ್ಪ ಹೆಚ್ಚೇ ಬೇಕು, ಯಾಕೆಂದರೆ ಶಾಲೆಯಿಂದ ಬರುವ ದೂರುಗಳಲ್ಲಿ ಮುಂಚೂಣಿ ಅದರದೇ. ಕೆನಡಾದ ಸಂಶೋಧಕರ 2011ರ ಸಮೀಕ್ಷೆಯೊಂದು ಎರಡು ಮಾತು ಖಚಿತವಾಗಿ ಹೇಳಿತು: ಬರೆಯಿಸದೆ ಬರೀ ಬೆರಳ ವ್ಯಾಯಾಮ ಮಾಡಿಸಿದರೆ ಅಕ್ಷರ ಸುಧಾರಿಸುವುದಿಲ್ಲ, ಮತ್ತು ಇಪ್ಪತ್ತಕ್ಕಿಂತ ಕಡಿಮೆ ಸಲ ಅಭ್ಯಾಸವಾದರೂ ಸುಧಾರಿಸುವುದಿಲ್ಲ. ಅವರು ನೋಡಿದ್ದು ಹೆಚ್ಚಾಗಿ ರೋಮನ್ ಲಿಪಿ. ಕನ್ನಡದ ಬರವಣಿಗೆಗೆ ಬೇರೆಯದೇ ಬೇಡಿಕೆಗಳಿವೆ. ನೇರ ಗೆರೆ ಕಡಿಮೆ, ಸುತ್ತು ಹೆಚ್ಚು. ಪೆನ್ಸಿಲ್ಲು ಎತ್ತದೆ ದಿಕ್ಕು ಬದಲಿಸುತ್ತ ಹೋಗಬೇಕು. ದ ಮತ್ತು ಧ, ಪ ಮತ್ತು ಫ ನಡುವೆ ಇರುವುದು ಒಂದು ಸಣ್ಣ ಸೀಳು. ಒತ್ತಕ್ಷರ ಗೆರೆಯ ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತದೆ. ಇದೇ ಮಗು ಮುಂದಿನ ಪೀರಿಯಡ್ಡಿನಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಇಂಗ್ಲಿಷ್ ಬರೆಯಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಗೆ ಅವಕಾಶ ಮಾಡಿದೆ. ಕನ್ನಡ ಎರಡನೇ ಭಾಷೆಯಾಗಿರುವ ಶಾಲೆಯಲ್ಲಿ ಆ ವಿನಾಯಿತಿ ಎಂದರೆ ಕನ್ನಡ ಬಿಡುವುದು. ಕೆಲವು ಮಕ್ಕಳಿಗೆ ಅದು ನಿಜಕ್ಕೂ ಬೇಕು. ಆದರೆ ಅಜ್ಜಿಗೆ ಎರಡು ಸಾಲು ಬರೆಯಬಲ್ಲ ಮಗುವಿನಿಂದ ಅದನ್ನು ಕಿತ್ತುಕೊಳ್ಳುವ ಮೊದಲು ಇಪ್ಪತ್ತು ದಿನದ ಅಭ್ಯಾಸವಾದರೂ ಆಗಿರಲಿ. ವಿಜಯದಶಮಿಗೆ ಅಕ್ಕಿಯ ತಟ್ಟೆಯಲ್ಲಿ ಬೆರಳಿಂದ ತೀಡಿಸುವ ನಮ್ಮ ಪದ್ಧತಿ ಒಂದು ದಿನಕ್ಕೆ ನಿಲ್ಲಬೇಕೆಂದೇನೂ ಇಲ್ಲ.

ಹಣದ ಮಾತು ಬಂದರೆ ಚಿತ್ರ ಮಸುಕಾಗುತ್ತದೆ. ಬಹುತೇಕ ಖರ್ಚು ಮನೆಯವರ ಜೇಬಿನದೇ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷೆ ಕೊಡುತ್ತದೆ, ಥೆರಪಿಗೂ ಅದರಲ್ಲಿ ಮಿತಿಯೊಳಗಿನ ಪಾಲಿದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯಗಳಿಗೆ ಸೀಮಿತ. ಗುಂಡಿ ಹಾಕಲಾರದ ಚುರುಕು ಹುಡುಗನಿಗೆ ಅಲ್ಲಿ ಜಾಗವಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆರಡು, ಸರ್ಕಾರಿ ಶಾಲಾ ಮಕ್ಕಳಿಗೆ ವರ್ಷಕ್ಕೊಂದು ತಪಾಸಣೆ, ತೊಂದರೆ ಕಂಡರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಇದೆ. ಬಿಟಿಎಂನ ಖಾಸಗಿ ಪ್ರಿ-ಸ್ಕೂಲಿನ ಮಗು ಈ ಬಲೆಯ ಹೊರಗೇ ಉಳಿಯುತ್ತದೆ. ಬೆಂಗಳೂರು ತಾನಾಗಿ ಕಟ್ಟಿಕೊಂಡ ಮಾದರಿಗಳೂ ಇವೆ. ಮಾತಿನ ತಜ್ಞೆ ಪ್ರತಿಭಾ ಕಾರಂತ 2000ದಲ್ಲಿ ಆರಂಭಿಸಿದ ‘ಕಾಂ ಡೀಲ್’ ಕಾರ್ಯಕ್ರಮದಲ್ಲಿ ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಮಾತಿನ ತಜ್ಞರು, ಓಟಿಯವರು, ಮನಶ್ಶಾಸ್ತ್ರಜ್ಞರು ಒಟ್ಟಿಗೆ ಕಲಿಸುತ್ತಾರೆ. ಮೂರು ಕೇಂದ್ರಕ್ಕೆ ಮೂರು ಆಟೋ ಹಿಡಿಯುವ ತಾಪತ್ರಯ ತಪ್ಪುವುದೇ ದೊಡ್ಡ ಉಪಕಾರ.

ಇಷ್ಟೆಲ್ಲ ಚರ್ಚೆಯೂ ಹತ್ತು ವರ್ಷದೊಳಗಿನ ಮಕ್ಕಳ ಸುತ್ತಲೇ. ಹದಿಮೂರಾದ ಮೇಲೆ ಆ ಮಗು ಚೆಂಡಿನ ಕೋಣೆಗೆ ದೊಡ್ಡದಾಗುತ್ತದೆ, ಕೇಂದ್ರಗಳ ಉತ್ಸಾಹವೂ ಇಳಿಯುತ್ತದೆ. ಕಲಿಯಬೇಕಾದ್ದೋ ಆಗಲೇ ಹೆಚ್ಚು: ಮುಟ್ಟಿನ ದಿನಗಳ ಶುಚಿತ್ವ, ಗಡ್ಡ, ಚಿಲ್ಲರೆ ಎಣಿಸುವುದು, ಗ್ಯಾಸ್ ಒಲೆ ಹಚ್ಚಿ ಆರಿಸುವುದು, ಅಪರಿಚಿತರು ಮೈ ಮುಟ್ಟಿದರೆ ಬೇಡ ಎನ್ನುವುದು. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಬಿಟಿಎಂ ಲೇಔಟಿನಲ್ಲಿ ನಿಲ್ಲುತ್ತಿದೆ. ಗೇಟಿಗೆ ಕಾರ್ಡು ತಾಗಿಸಿ, ಸರಿಯಾದ ಪ್ಲಾಟ್‌ಫಾರಂ ಹುಡುಕಿ, ಹಳದಿ ಗೆರೆಯ ಹಿಂದೆ ನಿಂತು, ರಾಗಿಗುಡ್ಡದಲ್ಲಿ ಇಳಿಯುವುದು ಹದಿನೈದರ ಹುಡುಗನಿಗೆ ಇಡೀ ಒಂದು ವರ್ಷದ ಪಾಠವಾಗಬಲ್ಲದು, ಥೆರಪಿಸ್ಟು ಕೋಣೆ ಬಿಟ್ಟು ಜೊತೆಗೆ ಬರಲು ತಯಾರಿದ್ದರೆ. ಎನ್. ಎಸ್. ಹೇಮಾ 1959ರಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಘ ಎಪಿಡಿ, ಜೀವನ್ ಬಿಮಾ ನಗರದ ತನ್ನ ತೋಟದಲ್ಲಿ ಯುವಕ ಯುವತಿಯರಿಗೆ ತೋಟಗಾರಿಕೆ ಕಲಿಸುತ್ತ ಬಂದಿದೆ. ದಕ್ಷಿಣ ಬೆಂಗಳೂರಿನ ಓಟಿ ಕೇಂದ್ರವೊಂದಕ್ಕೆ ಮಗುವನ್ನು ಸೇರಿಸುವಾಗ ತಂದೆತಾಯಿ ಕೇಳಬಹುದಾದ ಪ್ರಶ್ನೆಗಳಲ್ಲಿ ಇದನ್ನೂ ಸೇರಿಸಿಕೊಳ್ಳಲಿ: ನಿಮ್ಮಲ್ಲಿ ಹದಿನೈದು ವರ್ಷದವರು ಯಾರಾದರೂ ಬರುತ್ತಾರೆಯೇ, ಬಂದು ಏನು ಕಲಿಯುತ್ತಾರೆ?